‘ಇನ್ವೇಸಿವ್’ ಗಿಡಕ್ಕೆ ಬೋರ್ಡ್ ಮೇಲೆ ಏನಂತ ಬರೆಯುವುದು?

ಎಲ್ಲರಿಗೂ ನಮಸ್ಕಾರ.

ಚನ್ನಗಿರಿ ಕಡೆಯ ನಮ್ಮೂರಿನ ಕೆರೆ ಏರಿ ಮೇಲೆ ಒಂದು ಬೋರ್ಡ್ ಹಾಕಿಸುತ್ತಿದ್ದೇವೆ. ಬಲೆಯಾಗಲಿ, ತೆಪ್ಪವಾಗಲಿ, ಜೆಸಿಬಿಯಾಗಲಿ, ಬೇರೆ ಕೆರೆಯಿಂದ ತಂದದ್ದಾದರೆ ಅಂಟಿಕೊಂಡ ಬೇರು, ಬಳ್ಳಿ ಕಿತ್ತು, ತೊಳೆದು, ಒಣಗಿಸಿ ಆಮೇಲೆ ನೀರಿಗಿಳಿಸಿ ಅಂತ. ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ: ಇಂಗ್ಲಿಷಿನಲ್ಲಿ ‘ಇನ್ವೇಸಿವ್’ ಅನ್ನುತ್ತಾರಲ್ಲ, ಹೊರಗಿನಿಂದ ಬಂದು ಎಲ್ಲೆಡೆ ಹಬ್ಬಿ ಇಲ್ಲಿನದಕ್ಕೆ ಜಾಗವೇ ಇಲ್ಲದಂತೆ ಮಾಡುವ ಗಿಡ, ಅದಕ್ಕೆ ಕನ್ನಡದಲ್ಲಿ ಏನನ್ನುವುದು?

ಪತ್ರಿಕೆಗಳಲ್ಲಿ ‘ಆಕ್ರಮಣಕಾರಿ ಸಸ್ಯ’ ಅಂತ ಬರುತ್ತದೆ. ಅದನ್ನೇ ಬರೆದು ಪಕ್ಕದ ಮನೆ ಅಜ್ಜನಿಗೆ ಓದಿ ಹೇಳಿದೆ. “ಮುಳ್ಳು ಜಾಸ್ತಿ ಇರ್ತಾವೇನಪ್ಪ ಅದಕ್ಕೆ?” ಅಂದರು.

‘ಸೀಮೆ’ ಸೇರಿಸೋಣವೆಂದರೆ ಅದು ಹೊರಗಿನದು ಅಂತಷ್ಟೇ ಹೇಳುತ್ತದೆ. ಸೀಮೆಬದನೆ ಯಾರ ಹೊಲಕ್ಕೂ ನುಗ್ಗಿಲ್ಲ, ಅಲ್ವಾ? ಊರಿನ ಹೆಸರನ್ನಂತೂ ನಂಬುವ ಹಾಗೇ ಇಲ್ಲ. ಚಿತ್ರದುರ್ಗದ ಗೋಮಾಳಗಳಲ್ಲಿ ತುಂಬಿಕೊಂಡಿರುವ ಬಳ್ಳಾರಿ ಜಾಲಿಯ ಮೂಲ ಬಳ್ಳಾರಿಯಲ್ಲ, ಅಮೆರಿಕ ಖಂಡ. ಅದರ ಸಿಹಿ ಕಾಯಿಯನ್ನು ಕುರಿ, ಮೇಕೆ ತಿನ್ನುತ್ತವೆ. ಬೀಜ ಹಿಕ್ಕೆಯಲ್ಲಿ ಹಾಗೇ ಹೊರಬೀಳುತ್ತದೆ. ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ ಹೊಲದಲ್ಲಿ ಮಳೆ ಬಿದ್ದ ಮೇಲೆ ನೋಡಿ, ಜಾಲಿ ಸಸಿ ಎದ್ದಿರುತ್ತವೆ.

ಹೊಲದಲ್ಲಿ ಕೇಳುವ ಮಾತು ‘ಹಬ್ತದೆ’. ಹಾಗಾಗಿ ಹಬ್ಬುವ ಕಳೆಗೆ ‘ಹಬ್ಬುಗಳೆ’ ಅಂದರೆ ಹೇಗೆ? ನನಗೆ ಇದೇ ಹಿಡಿಸಿದೆ. ಆದರೆ ಗರಿಕೆಯೂ ಹಬ್ಬುತ್ತದೆ. ಅದು ನಮ್ಮದೇ, ಗಣಪತಿಗೂ ಬೇಕು. ‘ಹೊರಗಿನ ಹಬ್ಬುಗಳೆ’ ಅಂದರೆ ಉದ್ದವಾಯಿತೇನೋ.

ಇನ್ನೊಂದು ತೊಡಕು ಅಂತರಗಂಗೆಯದು. ನಮ್ಮ ಕಡೆ ಹಾಗೆಂದರೆ ನೇರಳೆ ಹೂವಿನದು. ಎಲೆ ತೊಟ್ಟು ಗುಳ್ಳೆಯ ಹಾಗೆ ಊದಿರುತ್ತದೆ, ಬೆರಳಲ್ಲಿ ಒತ್ತಿದರೆ ಒಳಗೆಲ್ಲ ಸ್ಪಂಜು. ಸಸ್ಯಗಳ ಪುಸ್ತಕಗಳಲ್ಲಿ ಅದೇ ಹೆಸರು ಪುಟ್ಟ ಎಲೆಕೋಸಿನ ಹಾಗೆ ತೇಲುವ ಬೇರೊಂದು ಗಿಡಕ್ಕಿದೆ. ಎರಡೂ ಒಂದು ತುಂಡು ಸಿಕ್ಕರೂ ಸಾಕು, ಮರಿ ಹಾಕುತ್ತಾ ನೀರು ಮುಚ್ಚುತ್ತವೆ. ಹೆಸರಿನ ಜಗಳವೇ ಬೇಡವೆಂದು ಎರಡರ ಚಿತ್ರವನ್ನೂ ಬರೆಸುತ್ತಿದ್ದೇನೆ. ನಿಮ್ಮೂರಲ್ಲಿ ಇವಕ್ಕೆ ಬೇರೆ ಬೇರೆ ಹೆಸರಿದ್ದರೆ ತಿಳಿಸಿ.

ಕೊನೆಗೆ ಮೀನು. ಜಿಲೇಬಿ ಮೀನು ಆಫ್ರಿಕಾದ್ದು. ಕೆರೆಗೆ ಬಿದ್ದರೆ ಮರಿ ಮಾಡಿಕೊಂಡು ತುಂಬಿಬಿಡುತ್ತದೆ. ಅದನ್ನು ‘ಕಳೆ’ ಅನ್ನುವುದಕ್ಕಾಗುತ್ತದೆಯೇ? ಗಿಡಕ್ಕೂ ಮೀನಿಗೂ ಸೇರಿ ಒಪ್ಪುವ ಒಂದೇ ಪದ ಯಾರ ಬಾಯಲ್ಲಾದರೂ ಕೇಳಿದ್ದೀರಾ? ಪೇಂಟರ್ ಭಾನುವಾರ ಬರುತ್ತಾನೆ.