ಆದಿಮಾನವರ ಸಿನಿಮಾ: ಮಕ್ಕಳೂ ತಾತನೂ ಒಟ್ಟಿಗೆ ಕೂತು ನೋಡಲು ಯಾವುದು ಸರಿ?

ಕೇಳಿದವರು, ಬಸವನಗುಡಿಯಿಂದ:

ಮಗ ಆರನೇ ಕ್ಲಾಸು. ಶಿಲಾಯುಗದ ಪಾಠ ಆದಾಗಿನಿಂದ ಮನೆಯಲ್ಲಿ ಬರೀ ಮ್ಯಾಮತ್ (ಆ ಕಾಲದ ಕೂದಲಿನ ಆನೆ), ಗುಹೆ, ಕಲ್ಲಿನ ಕೊಡಲಿ ಇದೇ ಮಾತು. ಭಾನುವಾರ ಅಪಾರ್ಟ್‌ಮೆಂಟಿನ ಏಳೆಂಟು ಮಕ್ಕಳನ್ನು ಸೇರಿಸಿ ಪ್ರೊಜೆಕ್ಟರಿನಲ್ಲಿ 'ಟೆನ್ ಥೌಸಂಡ್ ಬಿಸಿ' (ಅಂದರೆ ಕ್ರಿ.ಪೂ. 10,000) ಹಾಕಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮ ಮಾವನವರೂ ಜೊತೆಗಿರುತ್ತಾರೆ. ಅವರಿಗೆ ಎಂಬತ್ತು ದಾಟಿದೆ. ಇಂಗ್ಲಿಷ್ ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಆ ಸಿನಿಮಾ ಚೆನ್ನಾಗಿಲ್ಲ ಅಂತ ಬೇಕಾದಷ್ಟು ಜನ ಹೇಳಿದರು. ನಿಜವೇ? ಬೇರೆ ಯಾವುದಾದರೂ ಇದೆಯೇ? ನೋಡಿದವರು ನಿಮ್ಮ ಅನುಭವ ಹೇಳಿ.

ವಿಜಯನಗರದಿಂದ:

ಧೈರ್ಯವಾಗಿ ಹಾಕಿ ಅಕ್ಕ. 2008ರಲ್ಲಿ ಬಂದಾಗ ನಾನು ಥಿಯೇಟರಿನಲ್ಲೇ ನೋಡಿದೆ. ರೋಲಂಡ್ ಎಮರಿಕ್ ನಿರ್ದೇಶನ. ಅದರಲ್ಲಿ ಇತಿಹಾಸ ಹುಡುಕಿದವರಿಗೆ ಬೇಜಾರಾಗುತ್ತದೆ, ಯಾಕೆಂದರೆ ಅದು ಅಜ್ಜಿ ಹೇಳುವ ಕಥೆಯ ಜಾತಿಯದು. ಕುದುರೆ ಮೇಲೆ ಬಂದವರು ಹುಡುಗಿಯನ್ನು ಹಿಡಿದುಕೊಂಡು ಹೋಗುತ್ತಾರೆ. ಹುಡುಗ ಹಿಮದ ಬೆಟ್ಟ ಇಳಿದು, ಕಾಡು ದಾಟಿ, ಮರಳುಗಾಡು ದಾಟಿ ಹುಡುಕಿಕೊಂಡು ಹೋಗುತ್ತಾನೆ. ಏಳು ಸಮುದ್ರ ದಾಟಿ ಹೋದ ರಾಜಕುಮಾರನ ಕಥೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ ಅಲ್ವಾ?

ಮೊದಲಲ್ಲಿ ಬರುವ ಮ್ಯಾಮತ್ ಬೇಟೆ ಒಂದಕ್ಕೇ ನೋಡಬಹುದು. ಬೇಟೆಗಾರರು ಹುಲ್ಲಿನಲ್ಲಿ ತೆವಳಿಕೊಂಡು ಹಿಂಡಿನ ನಡುವೆಯೇ ನುಗ್ಗುತ್ತಾರೆ. ಆಮೇಲೆ ಎದ್ದು ಕೂಗಿ ಹಿಂಡನ್ನು ಓಡಿಸಿ ಬಲೆ ಹಾಕುತ್ತಾರೆ. ಬಲೆಗೆ ಸಿಕ್ಕಿಕೊಂಡ ಹುಡುಗನನ್ನು ಮ್ಯಾಮತ್ ದರದರ ಎಳೆದುಕೊಂಡು ಹೋಗುತ್ತದೆ. ದೊಡ್ಡ ಪರದೆ, ಒಳ್ಳೆ ಸ್ಪೀಕರ್ ಇದ್ದರೆ ಮಕ್ಕಳು ಕೂತ ಜಾಗದಲ್ಲೇ ನಡುಗುತ್ತಾರೆ.

ಹನುಮಂತನಗರದಿಂದ:

ನಾನು ಸಮಾಜ ವಿಜ್ಞಾನದ ಟೀಚರ್. ಈ ಸಿನಿಮಾ ಹಾಕುವುದಾದರೆ ಸುಮ್ನೆ ಹಾಕಬೇಡಿ. 'ತಪ್ಪು ಹುಡುಕಿ' ಅಂತ ಮಕ್ಕಳ ಕೈಗೊಂದು ಹಾಳೆ ಕೊಡಿ. ನಮ್ಮ ಮಕ್ಕಳಿಗೆ ನಾನು ಹಾಗೇ ಮಾಡಿದೆ, ಪಾಠಕ್ಕಿಂತ ಜಾಸ್ತಿ ಕಲಿತರು. ಕಥೆ ನಡೆಯುವುದು 12,000 ವರ್ಷದ ಹಿಂದೆ. ಅದರಲ್ಲಿ ಮ್ಯಾಮತ್‌ಗಳು ಪಿರಮಿಡ್‌ಗೆ ಕಲ್ಲು ಎಳೆಯುತ್ತವೆ. ಗಿಜಾದ ದೊಡ್ಡ ಪಿರಮಿಡ್ ಕಟ್ಟಿದ್ದು ಈಗ್ಗೆ ಸುಮಾರು 4,500 ವರ್ಷದ ಹಿಂದೆ. ಜನ ಕುದುರೆ ಪಳಗಿಸಿದ್ದೂ ಆ ಕಥೆಯ ಕಾಲಕ್ಕಿಂತ ಸಾವಿರಾರು ವರ್ಷ ಆಮೇಲೆ.

ಒಬ್ಬ ಹುಡುಗ ಕೇಳಿದ: ಪಿರಮಿಡ್ ಕಟ್ಟುವಾಗ ಮ್ಯಾಮತ್ ಎಲ್ಲೂ ಇರಲೇ ಇಲ್ಲವಾ ಮಿಸ್? ಇತ್ತು. ರಷ್ಯಾದ ಈಶಾನ್ಯ ತುದಿಯ ಹತ್ತಿರ ರಾಂಗೆಲ್ ಅಂತ ಒಂದು ದ್ವೀಪವಿದೆ. ಅಲ್ಲಿ ಸುಮಾರು 4,000 ವರ್ಷದ ಹಿಂದಿನವರೆಗೂ ಅವು ಉಳಿದಿದ್ದವು. ಇದನ್ನು ಹೇಳಿದಾಗ ಇಡೀ ಕ್ಲಾಸು ಗಪ್‌ಚಿಪ್. ಸಿನಿಮಾ ನೋಡದೆ ಇದ್ದಿದ್ದರೆ ಆ ಪ್ರಶ್ನೆ ಬರುತ್ತಲೇ ಇರಲಿಲ್ಲ.

ಮಲ್ಲೇಶ್ವರದಿಂದ:

ಮಕ್ಕಳ ವಿಷಯ ಎಲ್ಲರೂ ಹೇಳಿದರು. ನಾನು ನಿಮ್ಮ ಮಾವನವರ ವಿಷಯ ಹೇಳುತ್ತೇನೆ.

'ಟೆನ್ ಥೌಸಂಡ್ ಬಿಸಿ'ಯಲ್ಲಿ ನಾಯಕ, ನಾಯಕಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ಅವರು ಎದ್ದು ಹೋಗುವುದು ಖಂಡಿತ. 2018ರ 'ಆಲ್ಫಾ' ಹಾಕಿ. ಆಲ್ಬರ್ಟ್ ಹ್ಯೂಸ್ ನಿರ್ದೇಶನ. 20,000 ವರ್ಷ ಹಿಂದಿನ ಯುರೋಪು. ಅದರಲ್ಲಿ ಆಡುವ ಮಾತು ಈ ಲೋಕದ ಯಾವ ಭಾಷೆಯೂ ಅಲ್ಲ, ಸಿನಿಮಾಕ್ಕೆಂದೇ ಕಟ್ಟಿದ್ದು. ಮಾತು ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ಮೊಮ್ಮಗನೂ ತಾತನೂ ಒಂದೇ ಸಾಲಿನಲ್ಲಿ ಕೂತಂತೆ. ಡಬ್ ಮಾಡಿದ್ದು ಸಿಕ್ಕರೂ ಬೇಡ, ಮೂಲದಲ್ಲೇ ನೋಡಿ.

ಕಥೆ ಇಷ್ಟೇ. ಬೇಟೆಯಲ್ಲಿ ಹುಡುಗ ಬಂಡೆಯಿಂದ ಕೆಳಗೆ ಬೀಳುತ್ತಾನೆ. ಸತ್ತ ಅಂದುಕೊಂಡು ಅಪ್ಪನೂ ಗುಂಪೂ ಹೊರಟುಹೋಗುತ್ತಾರೆ. ಮುರಿದ ಕಾಲು, ಗಾಯಗೊಂಡ ಒಂದು ತೋಳ, ಇಬ್ಬರೂ ಚಳಿಗಾಲದೊಳಗೆ ಮನೆ ಸೇರಬೇಕು. ಹುಡುಗ ಮಂಜುಗಡ್ಡೆ ಒಡೆದು ಕೆಳಗಿನ ನೀರಿಗೆ ಬೀಳುವ ದೃಶ್ಯದಲ್ಲಿ ನನ್ನ ತಾಯಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ತೋಳ ನಾಯಿಯಾಗಲು ನಿಜದಲ್ಲಿ ಎಷ್ಟೋ ತಲೆಮಾರು ಹಿಡಿಯಿತು, ಒಬ್ಬ ಹುಡುಗನಿಂದ ಆದದ್ದಲ್ಲ. ಅಷ್ಟು ಹೇಳಿಕೊಟ್ಟರೆ ಸಾಕು. ಕಾಡೆಮ್ಮೆ ಬೇಟೆ ಸ್ವಲ್ಪ ಜೋರಾಗಿದೆ, ತೀರಾ ಚಿಕ್ಕ ಮಕ್ಕಳಿದ್ದರೆ ಪಕ್ಕದಲ್ಲಿ ದೊಡ್ಡವರು ಕೂತಿರಿ.

ಇನ್ನೊಂದು ಸಿನಿಮಾ ಇದೆ, ಅದು ದೊಡ್ಡವರಿಗೆ ಮಾತ್ರ. 'ಕ್ವೆಸ್ಟ್ ಫಾರ್ ಫೈರ್', 1981, ಜಾನ್-ಜಾಕ್ ಅನೋ ನಿರ್ದೇಶನ. ಬಟ್ಟೆಯಿಲ್ಲದ ಮೈ, ಹೆಂಗಸರ ಮೇಲಿನ ದೌರ್ಜನ್ಯ ಎಲ್ಲ ನೇರವಾಗಿಯೇ ಇದೆ, ಮಕ್ಕಳಿರುವಾಗ ಹಾಕಲೇಬೇಡಿ. ಆದರೆ ಈ ಜಾತಿಯ ಸಿನಿಮಾಗಳಲ್ಲಿ ನನಗೆ ಅದಕ್ಕಿಂತ ದೊಡ್ಡದು ಇಲ್ಲ. ಭಾಷೆ ಕಟ್ಟಿದವರು ಕಾದಂಬರಿಕಾರ ಆಂಥನಿ ಬರ್ಜೆಸ್. ಕೈಸನ್ನೆ, ಮೈಸನ್ನೆ ಕಲಿಸಿದವರು ಪ್ರಾಣಿಶಾಸ್ತ್ರಜ್ಞ ಡೆಸ್ಮಂಡ್ ಮಾರಿಸ್. ಮೇಕಪ್‌ಗೆ ಆಸ್ಕರ್ ಬಂತು. ಆನೆಗಳಿಗೆ ಕೂದಲು ಹೊದಿಸಿ ಮ್ಯಾಮತ್ ಮಾಡಿದ್ದಾರೆ. ಅವುಗಳ ಮುಂದೆ ಒಬ್ಬ ಒಂದು ಹಿಡಿ ಹುಲ್ಲು ಹಿಡಿದು ನಡುಗುತ್ತಾ ನಿಲ್ಲುವ ದೃಶ್ಯವೊಂದಿದೆ. ಆನೆಗೆ ಬಾಳೆಹಣ್ಣು ಕೊಟ್ಟವರಿಗೆಲ್ಲ ಆ ನಡುಕ ಗೊತ್ತು.

ಅದರ ಜನಕ್ಕೆ ಬೆಂಕಿ ಕಾಪಾಡಲು ಗೊತ್ತು, ಹೊತ್ತಿಸಲು ಗೊತ್ತಿಲ್ಲ. ಶತ್ರುಗಳು ಬಂದು ಬಡಿದಾಗ ಓಡುತ್ತಾರೆ. ಜೌಗಿನಲ್ಲಿ ಇದ್ದ ಒಂದು ಕೆಂಡವೂ ಆರಿಹೋಗುತ್ತದೆ. ಬೆಂಕಿ ತರಲು ಮೂವರು ಹೊರಡುತ್ತಾರೆ. ಇದನ್ನು ನೋಡುವಾಗ ನನಗೆ ಕುಣಿಗಲ್ ಕಡೆಯ ನಮ್ಮ ಹಳ್ಳಿ ಮನೆ ನೆನಪಾಯಿತು. ಅಜ್ಜಿ ರಾತ್ರಿ ಅಡುಗೆ ಮುಗಿಸಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚುತ್ತಿದ್ದರು. ಬೆಳಗ್ಗೆ ಬೂದಿ ಸರಿಸಿ, ತೆಂಗಿನ ನಾರು ಇಟ್ಟು, ಊದುಗೊಳವೆಯಲ್ಲಿ ಊದುತ್ತಿದ್ದರು. ಒಂದೊಂದು ದಿನ ಪಕ್ಕದ ಮನೆಯಲ್ಲಿ ಆರಿಹೋಗಿರುತ್ತಿತ್ತು. ಆಗ ಅವರ ಮಗಳು ಒಂದು ಬೆರಣಿ ಚೂರು ಹಿಡಿದು ಬರುತ್ತಿದ್ದಳು. ಅಜ್ಜಿ ಅದರ ಮೇಲೆ ಎರಡು ಕೆಂಡ ಇಡುತ್ತಿದ್ದರು. ಗಾಳಿಗೆ ಅಂಗೈ ಅಡ್ಡ ಹಿಡಿದುಕೊಂಡು ಆ ಹುಡುಗಿ ಮೆಲ್ಲಗೆ ನಡೆದು ಹೋಗುತ್ತಿದ್ದಳು. ಎಡವಿದರೆ ಅವರ ಮನೆಗೆ ಕಾಫಿ ತಡ.

ಕೊನೆಯ ಕಡೆ ಬೇರೆ ಗುಂಪಿನವರು ಕೋಲನ್ನು ಎರಡು ಅಂಗೈ ನಡುವೆ ತಿರುವಿ ಬೆಂಕಿ ಹುಟ್ಟಿಸುತ್ತಾರೆ. ನೋಡುತ್ತಿದ್ದವನ ಕಣ್ಣಲ್ಲಿ ನೀರು ಬರುತ್ತದೆ. ಹೋಮಕ್ಕೆ ಅರಣಿ ಕಡೆಯುವುದನ್ನು ಹತ್ತಿರದಿಂದ ನೋಡಿದವರು ಆ ಕಣ್ಣೀರನ್ನು ಪೂರ್ತಿ ನಂಬುತ್ತಾರೆ. ಮೊದಲು ಹೊಗೆ, ಆಮೇಲೆ ಕಪ್ಪು ಪುಡಿ, ಅದರೊಳಗೆ ಸಾಸಿವೆ ಕಾಳಿನಷ್ಟು ಕೆಂಪು. ಮಕ್ಕಳು ಮಲಗಿದ ಮೇಲೆ ಒಂದು ದಿನ ನೀವಿಬ್ಬರೇ ನೋಡಿ.

ರಾಜಾಜಿನಗರದಿಂದ:

ಡೈನೊಸಾರ್ ಇರುವ 'ಒನ್ ಮಿಲಿಯನ್ ಇಯರ್ಸ್ ಬಿಸಿ' (1966) ಕೂಡ ನೋಡಿ. ಮನುಷ್ಯರೂ ಡೈನೊಸಾರೂ ಎದುರುಬದುರು ಬಂದದ್ದೇ ಇಲ್ಲ, ಅವು ಅಳಿದು 6.6 ಕೋಟಿ ವರ್ಷ ಆಯಿತು. ಆದರೂ ರೇ ಹ್ಯಾರಿಹೌಸೆನ್ ಗೊಂಬೆಗಳನ್ನು ಕೈಯಲ್ಲಿ ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಫೋಟೊ ತೆಗೆದು ಓಡಾಡಿಸಿದ್ದಾರೆ. ನನ್ನ ಮಗಳು ಅದನ್ನು ನೋಡಿ ಮೊಬೈಲಿನಲ್ಲಿ ಜೇಡಿಮಣ್ಣಿನ ಹಲ್ಲಿ ಓಡಿಸಲು ಕಲಿತಳು.

ಯಲಹಂಕದಿಂದ:

ನಮ್ಮೂರು ಬಳ್ಳಾರಿ. ಸಿನಿಮಾ ಆದ ಮೇಲೆ ಮಕ್ಕಳನ್ನು ಸಂಗನಕಲ್ಲಿಗೆ ಕರೆದುಕೊಂಡು ಹೋಗಿ. ನವಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ. ಪಕ್ಕದ ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಗೂಳಿಗಳ ಗೀರುಚಿತ್ರ ಇವೆ. ಅಲ್ಲಿ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯ ಹಾಗೆ ದನಿ ಬರುತ್ತದೆ. ಆ ಜನ ಹಟ್ಟಿಯ ಸಗಣಿ ರಾಶಿ ಹಾಕಿ ಸುಟ್ಟದ್ದರಿಂದ ಆದ ಬೂದಿ ದಿಬ್ಬ ಕುಡತಿನಿಯಲ್ಲಿದೆ. ಹಂಪಿ ಹತ್ತಿರ ನಿಂಬಾಪುರದಲ್ಲಿ ಅಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಮೊದಲು ಬಳ್ಳಾರಿ ಊರೊಳಗಿನ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡಿ, ಆಮೇಲೆ ಗುಡ್ಡಕ್ಕೆ ಹೋಗಿ. ಬೇಸಿಗೆಯಲ್ಲಿ ಮಾತ್ರ ಬೇಡ.

ಕೇಳಿದವರು, ಮುಂದಿನ ಸೋಮವಾರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ 'ಆಲ್ಫಾ' ಹಾಕಿದೆವು. ಮಾವನವರು ಕೊನೆವರೆಗೂ ಕೂತಿದ್ದರು. ನಡುವೆ ಎದ್ದದ್ದು ಒಮ್ಮೆ, ಅದೂ ಕನ್ನಡಕ ಒರೆಸಲು ಬಟ್ಟೆ ತರುವುದಕ್ಕೆ. ದಾರಿ ಗುರುತಿಗೆ ಹಿರಿಯರು ಒಟ್ಟಿದ ಕಲ್ಲುಗುಡ್ಡೆ ಬಂದಾಗ ಮಕ್ಕಳಿಗೆ ಮೊದಲು ಬಿಡಿಸಿ ಹೇಳಿದವರು ಅವರೇ. ಮಲ್ಲೇಶ್ವರದವರು ಬರೆದ ಕೆಂಡದ ಮಾತನ್ನು ರಾತ್ರಿ ಅವರಿಗೆ ಓದಿ ಹೇಳಿದೆ. ಅವರ ಊರಿನಲ್ಲಿ ಬೆರಣಿ ಬದಲು ತೆಂಗಿನ ಚಿಪ್ಪಿನಲ್ಲಿ ತರುತ್ತಿದ್ದರಂತೆ. ಮಗ ಈಗ ಚಿಪ್ಪು ಹುಡುಕುತ್ತಿದ್ದಾನೆ. 'ಟೆನ್ ಥೌಸಂಡ್ ಬಿಸಿ' ಮುಂದಿನ ವಾರ, ಹಾಳೆ ಪೆನ್ಸಿಲ್ ಸಮೇತ. ಬಳ್ಳಾರಿಗೆ ಡಿಸೆಂಬರ್ ರಜೆಯಲ್ಲಿ ಹೋಗೋಣ ಅಂತ ಮಾತಾಗಿದೆ. ಯಲಹಂಕದವರೇ, ಕಪ್ಪಗಲ್ಲು ಗುಡ್ಡ ಹತ್ತಲು ಎಂಬತ್ತು ದಾಟಿದವರಿಗೆ ಆಗುತ್ತದೆಯೇ, ಇಲ್ಲ ಕೆಳಗೇ ಕೂತು ನೋಡುವಂಥದ್ದು ಏನಾದರೂ ಇದೆಯೇ?