ಅಪ್‌ಡೇಟ್: ಖಾಲಿ ಕೈ ಕಂಡರೂ ಗುಂಡ ಈಗ ಕೂರುತ್ತಾನೆ

ನಮ್ಮ 5 ತಿಂಗಳ ನಾಯಿಮರಿ ಗುಂಡ, ಕೈಯಲ್ಲಿ ತಿಂಡಿ ಇದ್ದರೆ ಮಾತ್ರ ಮಾತು ಕೇಳುತ್ತಾನೆ, ಇಲ್ಲದಿದ್ದರೆ ಮುಖ ತಿರುಗಿಸಿ ಹೋಗುತ್ತಾನೆ, ಏನು ಮಾಡಲಿ ಅಂತ 6 ವಾರದ ಹಿಂದೆ ಕೇಳಿದ್ದೆ. ಈಗ ತುಂಬಾ ಬದಲಾಗಿದ್ದಾನೆ.

ನಿಮ್ಮಲ್ಲೊಬ್ಬರು ಹೇಳಿದ್ದು ನಿಜ. ಅವನು 'ಕೂತ್ಕೋ' ಅನ್ನುವ ಮಾತನ್ನು ಕಲಿತೇ ಇರಲಿಲ್ಲ. ತಿಂಡಿ ಹಿಡಿದ ಕೈಯ ಹಿಂದೆ ಹೋಗುತ್ತಿದ್ದ, ಅಷ್ಟೇ. ಅದಕ್ಕೇ ಖಾಲಿ ಕೈಯಲ್ಲೇ ಅದೇ ಸನ್ನೆ ಮಾಡಿದೆ. ಮೊದಲು ಮಾತು, ಒಂದು ಕ್ಷಣ ಬಿಟ್ಟು ಸನ್ನೆ. ಕೂತ ತಕ್ಷಣ 'ಶಭಾಷ್' ಅಂದು, ಆಮೇಲೆ ಡಬ್ಬಿಯಿಂದ ತಿಂಡಿ ತೆಗೆದು ಕೊಟ್ಟೆ. ಸ್ವಲ್ಪ ದಿನ ಕಳೆದ ಮೇಲೆ ಪ್ರತಿ ಸಲ ಕೊಡುವುದನ್ನು ಬಿಟ್ಟು, ಯಾವಾಗಲೋ ಒಮ್ಮೆ ಕೊಡತೊಡಗಿದೆ.

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ತಿಂಡಿ ಅಲ್ಲದ ಬಹುಮಾನ. ಕೂತರೆ ಬಾಗಿಲು ತೆರೆಯುತ್ತದೆ. ಕೂತರೆ ಚೆಂಡು ಎಸೆಯುತ್ತೇನೆ. ಹಗ್ಗ ಎಳೆಯುವ ಆಟ ಅಂದರೆ ಅವನಿಗೆ ಪ್ರಾಣ. 'ಬಿಡು' ಅಂದಾಗ ಬಿಟ್ಟರೆ ಆಟ ಮತ್ತೆ ಶುರು. ಮೊದಲ ಸಲ ತಾನಾಗಿಯೇ ಹಗ್ಗ ಬಿಟ್ಟು ನನ್ನ ಮುಖ ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ಒಂದೇ ಮಾತನ್ನು ಹತ್ತು ಸಲ ಹೇಳುವುದನ್ನೂ ನಿಲ್ಲಿಸಿದೆ. ದಿನಕ್ಕೆ 3 ಸಲ, 5 ನಿಮಿಷ ಮಾತ್ರ ಅಭ್ಯಾಸ. ಗದರುವುದಿಲ್ಲ.

'ಬಾ' ಅನ್ನುವುದು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಮನೆಯೊಳಗೆ ಓಡಿ ಬರುತ್ತಾನೆ, ಹೊರಗೆ ಬೇರೆ ನಾಯಿ ಕಂಡರೆ ನನ್ನ ದನಿ ಕಿವಿಗೇ ಬೀಳುವುದಿಲ್ಲ. ಉದ್ದನೆಯ ಹಗ್ಗ ಕಟ್ಟಿಯೇ ಕಲಿಸುತ್ತಿದ್ದೇನೆ. ಇದೊಂದಕ್ಕೆ ತಿಂಡಿ ಕೊಡುವುದನ್ನು ಸದ್ಯಕ್ಕೆ ಬಿಡುವುದಿಲ್ಲ. ರಸ್ತೆಯ ಹತ್ತಿರ ಇದು ಅವನ ಜೀವದ ಪ್ರಶ್ನೆ ಅಲ್ವಾ?