ಪೈ ಚಾರ್ಟಿಗೆ ‘ಪಾಲುಚಕ್ರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಭೆಗೆ ಕನ್ನಡದಲ್ಲಿ ಒಂದು ವರದಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಪೈ ಚಾರ್ಟಿಗೆ, ಅಂದರೆ ವೃತ್ತವನ್ನು ಹೋಳು ಮಾಡಿ ಪಾಲು ತೋರಿಸುವ ಚಿತ್ರಕ್ಕೆ, ಯಾವ ಹೆಸರು ಸರಿ ಅಂತ ಕೇಳಬೇಕಿತ್ತು. ಶಾಲೆಯ ಗಣಿತದಲ್ಲಿ ‘ಪೈ ನಕ್ಷೆ’ ಅಂತಿದೆ. ಆದರೆ ವೃತ್ತ ಕಂಡ ಕೂಡಲೇ ಮಕ್ಕಳು ಇದನ್ನು 3.14ರ ಪೈ ಅಂದುಕೊಂಡರೆ ಆಶ್ಚರ್ಯವಿಲ್ಲ, ಹಿರಿಯರಿಗೆ ಪೈ ಅಂದರೆ ಒಂದಾಣೆಗೆ 12 ಬರುತ್ತಿದ್ದ ಹಳೆಯ ನಾಣ್ಯ. ಇಂಗ್ಲಿಷಿನ ಪೈ ಹೋಳು ಮಾಡಿ ಬಡಿಸುವ ತಿನಿಸು. ಫ್ರೆಂಚರು ಇದೇ ಚಿತ್ರಕ್ಕೆ ಕಮಾಂಬೇರ್ ಅಂತಾರೆ, ಅದು ಅವರ ದುಂಡನೆಯ ಚೀಸು.

1801ರಲ್ಲಿ ವಿಲಿಯಂ ಪ್ಲೇಫೇರ್ ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಎಷ್ಟೆಷ್ಟಿದೆ ಅಂತ ವೃತ್ತ ಸೀಳಿ ತೋರಿಸಿದ. ಪೈ ಅನ್ನುವ ಹೆಸರು ಅಂಟಿದ್ದು ಬಹಳ ಆಮೇಲೆ. ಅಂದಿನಿಂದ ಇದನ್ನು ಬೈಯುವವರೂ ಇದ್ದಾರೆ, ಬಳಸುವವರು ಅದಕ್ಕಿಂತ ಜಾಸ್ತಿ. ಬೈಯುವುದಕ್ಕೆ ಕಾರಣವೂ ಇದೆ. ನಮ್ಮ ಕಣ್ಣು ಕೋನವನ್ನು ಅಳೆಯುವುದಕ್ಕಿಂತ ಒಂದೇ ಗೆರೆಯ ಮೇಲೆ ನಿಂತ ಕಂಬಗಳ ಎತ್ತರವನ್ನು ಚೆನ್ನಾಗಿ ಅಳೆಯುತ್ತದೆ ಅಂತ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಸಂಶೋಧಕರು 1984ರಲ್ಲೇ ತೋರಿಸಿದರು. ವೃತ್ತದಲ್ಲಿ ನೂರಕ್ಕೆ ಒಂದು ಪಾಲು ಅಂದರೆ ಬರೀ 3.6 ಡಿಗ್ರಿ. ರಾಶಿ ಮತ್ತು ಬೆಟ್ಟೆ ಅನ್ನುವ ಅಡಿಕೆಯ ಎರಡು ದರ್ಜೆಗಳ ಪಾಲು ಹತ್ತಿರ ಹತ್ತಿರ ಇದ್ದರೆ ಯಾವುದು ಹೆಚ್ಚು ಅಂತ ವೃತ್ತದಲ್ಲಿ ಹೇಳುವುದು ಕಷ್ಟ, ಅದನ್ನೇ ಓರೆಯಾಗಿ ಮಲಗಿಸಿ ದಪ್ಪ ಅಂಚು ಕೊಟ್ಟರೆ ಮುಂದಿನ ಹೋಳು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಆಗುಂಬೆಯ ತಿಂಗಳ ಮಳೆಯನ್ನಂತೂ ವೃತ್ತದಲ್ಲಿ ಹಾಕಲೇಬಾರದು. ಮಳೆ ಏರಿ ಇಳಿಯುವುದು ಕಾಣಬೇಕಾದರೆ ಕಂಬಗಳೇ ಸರಿ.

ಆದರೂ ಇದು ಉಳಿದುಕೊಂಡಿದೆ. ನನ್ನ ಪ್ರಕಾರ, ಇಡೀ ಗಂಟಿನಲ್ಲಿ ಇದರ ಪಾಲೆಷ್ಟು ಅನ್ನುವ ಪ್ರಶ್ನೆಗೆ ಇದು ತಕ್ಷಣ ಉತ್ತರ ಕೊಡುತ್ತದೆ. ಅರ್ಧ, ಕಾಲು ಇದ್ದರೆ ಅಕ್ಷರ ಬಾರದವರಿಗೂ ಗೊತ್ತಾಗುತ್ತದೆ. ಕಂಬಗಳ ಚಿತ್ರದಲ್ಲಿ ಒಟ್ಟು ಎಷ್ಟು ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ ಅಲ್ವಾ? ಸಿಮ್‌ಕಿನ್ ಮತ್ತು ಹೇಸ್ಟಿ ಅನ್ನುವ ಸಂಶೋಧಕರು 1987ರಲ್ಲಿ ಜನರ ಮುಂದಿಟ್ಟು ನೋಡಿದಾಗಲೂ, ಇಡಿಯಲ್ಲಿ ಭಾಗ ಎಷ್ಟು ಅಂತ ಕೇಳಿದರೆ ವೃತ್ತ ಕಂಬಕ್ಕೆ ಸೋಲಲಿಲ್ಲ. ಅದಕ್ಕೇ ಹೆಸರಿನಲ್ಲಿ ಪಾಲು ಇರಲಿ ಅನ್ನುತ್ತೇನೆ. ‘ಪಾಲುಚಕ್ರ’ ಅಂದರೆ ಯಾವುದಕ್ಕೆ ಬಳಸಬೇಕು ಅನ್ನುವುದನ್ನು ಹೆಸರೇ ಹೇಳುತ್ತದೆ. ಮಳೆಯ ಲೆಕ್ಕವನ್ನು ಅದರೊಳಗೆ ತುರುಕಲು ಹೋದವರಿಗೂ ಒಂದು ಗಳಿಗೆ ಯೋಚನೆ ಬರಬಹುದು.

‘ಹಿಸೆ’ ಅನ್ನುವುದೂ ತಲೆಗೆ ಬಂತು. ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹಿಸೆ ಅಂದರೆ ಅಣ್ಣತಮ್ಮಂದಿರು ಬೇರೆಯಾಗುವುದು, ಪಹಣಿಯ ಹಿಸ್ಸಾ ನಂಬರು, ಇದೆಲ್ಲ ನೆನಪಾಗುತ್ತದೆ. ಸಭೆಯಲ್ಲಿ ಆ ಮಾತು ಎತ್ತಿದರೆ ಅಡಿಕೆಯ ಲೆಕ್ಕ ಬಿಟ್ಟು ತೋಟದ ಲೆಕ್ಕ ಶುರುವಾಗುತ್ತದೆ. ಹಾಗಾಗಿ ಬಿಟ್ಟೆ. ‘ನಕ್ಷೆ’ ಕೂಡ ಬೇಡ ಅನ್ನಿಸಿತು, ಇಲ್ಲಿನವರಿಗೆ ನಕ್ಷೆ ಅಂದರೆ ಜಮೀನಿನದು ಇಲ್ಲವೇ ಊರಿನದು.

ಇನ್ನೊಂದು ಇದೆ. ಒಳಗಿನ ತುಂಡಿಗೆ ಪಠ್ಯದಲ್ಲಿ ‘ತ್ರಿಜ್ಯಾಂತರ ಖಂಡ’ ಅಂತಾರೆ. ರೇಖಾಗಣಿತಕ್ಕೆ ಅದು ಸರಿ, ವರದಿಗೆ ಭಾರ. ನಾನು ‘ಹೋಳು’ ಅಂತ ಬರೆದಿದ್ದೇನೆ. ಸಾಗರ, ಹೊಸನಗರ, ಕೊಪ್ಪದ ಕಡೆಯವರು ಏನಂತೀರಿ? ‘ಪಾಲುಚಕ್ರದ ಹೋಳು’ ನಿಮ್ಮ ಕಿವಿಗೆ ಹಿಡಿಸುತ್ತದೆಯೇ, ಅಥವಾ ‘ಚಕ್ರ’ದ ಜಾಗಕ್ಕೆ ಬೇರೇನಾದರೂ ಇದೆಯೇ?